ಬಾಗಿಲಿಗೆ ಅಡ್ಡ ಕುಳಿತ ಅಕ್ಕೋರು

ಅಕ್ಕೋರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಧಾರಾವಿಯ ಮಗ್ಗುಲಲ್ಲಿ, ರೈಲು ಹಳಿಗೆ ಅಂಟಿಕೊಂಡಂತಿದ್ದ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅವರು ನಿವೃತ್ತಿಯವರೆಗೂ ಪಾಠ ಹೇಳಿದವರು. ಲೋಕಲ್ ಗಾಡಿ ಹಾದುಹೋಗುವಾಗ ಉಳಿದ ಶಿಕ್ಷಕರು ಮಾತು ನಿಲ್ಲಿಸಿ ಕಾಯುತ್ತಿದ್ದರಂತೆ. ಇವರು ದನಿ ಏರಿಸುತ್ತಿದ್ದರು. “ಮುಂಬೈದಾಗ ಗಾಡಿ ನಿಲ್ಲೂ ತನಕ ಕಾದ್ರ ಮಗ್ಗಿ ಯಾವಾಗ ಮುಗೀಬೇಕ?” ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಹಾಗೆ ಏರಿದ ದನಿ ಆಮೇಲೆ ಇಳಿಯಲೇ ಇಲ್ಲ. ಚರ್ಚಿನಲ್ಲಿ ಪಕ್ಕದವರ ಕಿವಿಯಲ್ಲಿ ಗುಟ್ಟು ಹೇಳಿದರೂ ಅದು ಪೀಠದಲ್ಲಿ ನಿಂತು ಪ್ರಸಂಗ ಮಾಡುವವರ ತನಕ ಕೇಳಿಸುತ್ತಿತ್ತು.

ಗದಗಿನ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ದಾದರಿನ ಚರ್ಚಿನಲ್ಲಿ ಸೇರುವ ನಮ್ಮ ಕನ್ನಡ ಸಭೆಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಅಕ್ಷರ ಕಲಿತವರು, ಇನ್ನರ್ಧ ಜನ ಅವರಿಂದ ಬೈಸಿಕೊಂಡವರು. ಹಾಗಾಗಿ ಎಲ್ಲರಿಗೂ ಅವರು ಅಕ್ಕೋರೇ. ನಾನು ಉಡುಪಿ ಕಡೆಯವಳು, ಮನೆಮಾತು ತುಳು. ದಾದರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಸಭೆಯ ಕಾರ್ಯದರ್ಶಿಯೂ ಆಗಿದ್ದೆ. ನನ್ನ ಕನ್ನಡ ಅವರಿಗೆ ಮೊದಲಿನಿಂದಲೂ ತಮಾಷೆ. “ತಂಗಿ, ನೀ ಪುಸ್ತಕ ಓದಿದಂಗ ಮಾತಾಡ್ತಿ. ಹಿಂಗಾದ್ರ ಜಗಳಾ ಹೆಂಗ ಮಾಡ್ತಿ?” ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಜಗಳಕ್ಕೆ ಒದಗದ ಭಾಷೆ ಭಾಷೆಯೇ ಅಲ್ಲ.

ಅಕ್ಕೋರು ಮದುವೆ ಮಾಡಿಕೊಂಡಿರಲಿಲ್ಲ. ಗಿರಣಿ ಕೆಲಸಕ್ಕೆಂದು ಬಂದ ತಂದೆ ಬಿಟ್ಟುಹೋದ ಒಂದೇ ಕೋಣೆಯ ಖೋಲಿ ಧಾರಾವಿಯ ಅಂಚಿನ ಸಾಲುಮನೆಗಳ ಚಾಲಿನಲ್ಲಿತ್ತು, ಅದರಲ್ಲಿ ಒಬ್ಬರೇ ಇದ್ದರು. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಒಮ್ಮೆ ಜಾರಿ ಬಿದ್ದ ಮೇಲೆ ಇಳಕಲ್ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಳ್ಳತೊಡಗಿದರು. ನಕ್ಕವರಿಗೆ, “ನಿಮ್ಮ ಚಪ್ಪಲ್ ಹಾಕ್ಕೊಂಡು ನನ್ನ ಜೋಡಿ ಓಡ್ರಿ ನೋಡೂಣು” ಎಂದು ಸವಾಲು ಹಾಕುತ್ತಿದ್ದರು. ಸಭೆಯಲ್ಲಿ ಯಾರಾದರೂ ಪ್ರಾರ್ಥನೆಯನ್ನು ತೀರಾ ಎಳೆದರೆ ಅಕ್ಕೋರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅದು ಎರಡನೇ ಸಲ ಕೇಳಿಸುವ ಮೊದಲೇ ಆಮೆನ್ ಬಂದುಬಿಡುತ್ತಿತ್ತು.

ಕೊರೋನಾ ಎಂಬ ಹೆಸರು ನಮ್ಮ ಬಾಯಿಗೆ ಇನ್ನೂ ಸರಿಯಾಗಿ ಹತ್ತದಿದ್ದ ಮಾರ್ಚ್ ತಿಂಗಳು ಅದು. ರೈಲುಗಳು ಎಂದಿನಂತೆ ತುಂಬಿ ಓಡುತ್ತಿದ್ದವು. ಪ್ರಾರ್ಥನಾ ಮಂದಿರಗಳನ್ನು ಮುಚ್ಚಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ. ಸಭಾಹಿರಿಯರ ಕಮಿಟಿ ಸೇರಿದಾಗ ಅಕ್ಕೋರು ಎದ್ದು ನಿಂತು, ಮೊದಲು ಕರ್ತನ ಭೋಜನದ ಬಟ್ಟಲನ್ನು ನಿಲ್ಲಿಸಬೇಕು, ಆಮೇಲೆ ಭಾನುವಾರದ ಆರಾಧನೆಯನ್ನೂ ನಿಲ್ಲಿಸಬೇಕು ಎಂದರು. ನಮ್ಮಲ್ಲಿ ಒಂದೇ ಬಟ್ಟಲಿನಿಂದ ಎಲ್ಲರೂ ದ್ರಾಕ್ಷಾರಸ ಕುಡಿಯುವ ವಾಡಿಕೆ ಇತ್ತು.

ಅವರಿಗೆ ಎದುರು ನಿಂತವರು ಕಮಿಟಿಯ ಹಿರಿಯರಲ್ಲಿ ಒಬ್ಬರಾದ ಗುತ್ತಿಗೆದಾರರು. ಅವರೂ ಗದಗಿನವರೇ. ಇಟ್ಟಿಗೆ ಹೊರುವ ಕೆಲಸದಿಂದ ಮೇಲೆ ಬಂದವರು. ಸಭೆಯ ಎಷ್ಟೋ ಕುಟುಂಬಗಳಿಗೆ ಅವರ ಕಟ್ಟಡ ಕೆಲಸದ ಸೈಟುಗಳಲ್ಲೇ ಅನ್ನ ಹುಟ್ಟುತ್ತಿತ್ತು. ಕೆಟ್ಟ ಮನುಷ್ಯರಲ್ಲ, ಕಣ್ಣೀರಿಟ್ಟು ಪ್ರಾರ್ಥನೆ ಮಾಡುವವರು.

“ಅಕ್ಕೋರ, ದೇವರ ಮನ್ಯಾಗ ರೋಗ ಬರತೈತೇನ್ರಿ? ನಂಬಿಕಿ ಇಲ್ಲದ ಮಾತ ಇದು,” ಎಂದರು ಗುತ್ತಿಗೆದಾರರು.

“ದೇವರ ಮನ್ಯಾಗ ಮಳಿ ಬಂತಲ್ರಿ, ಆವಾಗ ಏನ ಮಾಡಿದ್ರಿ? ಮ್ಯಾಲ ಶೀಟ ಹಾಕಿಸಿದ್ರಿ. ನಂಬಿಕಿ ಐತಿ, ಮಳಿ ಬರೂದಿಲ್ಲಂತ ಕೈ ಕಟ್ಟಿ ಕುಂತಿದ್ರೇನು?”

ಒಂದಿಬ್ಬರು ನಕ್ಕರು. ಗುತ್ತಿಗೆದಾರರಿಗೆ ಸಿಟ್ಟು ಬಂತು. ಅವರು ಒಂದು ಹಳೆಯ ಸಂಗತಿಯನ್ನು ಎತ್ತಿದರು, ಅದು ನಮಗೆಲ್ಲ ಗೊತ್ತಿದ್ದದ್ದೇ. ಬಹಳ ವರ್ಷಗಳ ಹಿಂದೆ, ಲಾರಿ ಓಡಿಸುತ್ತಿದ್ದ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಸಭೆಗೆ ಬರತೊಡಗಿದ್ದಳು. ಗಂಡನಿಂದ ಅವಳಿಗೂ ಎಚ್‌ಐವಿ ಬಂದಿದೆ ಎಂಬ ಸುದ್ದಿ ಹಬ್ಬಿತು. ಬಟ್ಟಲಿಗಾಗಿ ಸಾಲಾಗಿ ಮೊಣಕಾಲೂರಿದಾಗ ಅವಳ ಪಕ್ಕದ ಜಾಗ ಖಾಲಿಯೇ ಉಳಿಯುತ್ತಿತ್ತು. ಅವಳು ಕುಡಿದ ಮೇಲೆ ಕುಡಿಯಲು ಯಾರಿಗೂ ಮನಸ್ಸಿಲ್ಲ. ಅಕ್ಕೋರು ಆಸ್ಪತ್ರೆಗೆ ಹೋಗಿ, ಈ ರೋಗ ಹೀಗೆ ಅಂಟುವುದಿಲ್ಲ ಎಂದು ವೈದ್ಯರಿಂದಲೇ ಕೇಳಿ ತಿಳಿದು ಬಂದರು. ಮುಂದಿನ ಸಲ ನೇರ ಹೋಗಿ ಅವಳ ಮಗ್ಗುಲಲ್ಲೇ ಮೊಣಕಾಲೂರಿ, ಅವಳು ಕೊಟ್ಟ ಬಟ್ಟಲನ್ನು ಅಂಚು ಕೂಡ ಒರೆಸದೆ ಕುಡಿದರು. ಆಮೇಲೆ ಹಿಂತಿರುಗಿ ಇಡೀ ಸಭೆಯನ್ನು ದಿಟ್ಟಿಸಿ ನೋಡಿದರು. ಆ ಹೆಂಗಸು ಈಗಲೂ ನಮ್ಮ ಸಭೆಯಲ್ಲಿದ್ದಾಳೆ.

“ಅವತ್ತು ಹಂಗ ಕುಡದಾಕಿ ನೀವ. ಇವತ್ತು ಬಟ್ಟಲಾ ಬ್ಯಾಡಂತೀರಿ. ವಯಸ್ಸಾತಂತ ಅಂಜಿಕಿ ಬಂತೇನ್ರಿ?” ಎಂದರು ಗುತ್ತಿಗೆದಾರರು.

ಅಕ್ಕೋರು ಸ್ವಲ್ಪವೂ ತಡವರಿಸಲಿಲ್ಲ. “ಅವತ್ತಿನ ಅಂಜಿಕಿ ಸುಳ್ಳ ಇತ್ತು, ಅದಕ್ಕ ಕುಡದೆ. ಇವತ್ತಿಂದು ಖರೆ ಐತಿ, ಅದಕ್ಕ ಬ್ಯಾಡಂತೀನಿ. ಯಾವುದಕ್ಕ ಅಂಜಬೇಕು, ಯಾವುದಕ್ಕ ಅಂಜಬಾರದು ಅನ್ನೂದು ಗೊತ್ತಿರಬೇಕ್ರಿ ಮನಶಾಗ.”

ಆದರೂ ಕಮಿಟಿ ಗುತ್ತಿಗೆದಾರರ ಕಡೆಗೇ ವಾಲಿತು. ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಹೊಸಬರು, ಇನ್ನೂ ಸಣ್ಣ ವಯಸ್ಸು. ಯಾರ ಕಡೆಯನ್ನೂ ಹಿಡಿಯದೆ ಮೇಜು ನೋಡುತ್ತ ಕುಳಿತಿದ್ದರು. ಬಟ್ಟಲನ್ನಷ್ಟೇ ಬಿಟ್ಟುಕೊಟ್ಟು, ಆರಾಧನೆ ಎಂದಿನಂತೆ ನಡೆಯಲಿ ಎಂದು ತೀರ್ಮಾನವಾಯಿತು. ಹೊರಗೆ ಬಂದ ಮೇಲೆ ನಾನು, “ಈಗ ಎಂತ ಮಾಡುವುದು ಅಕ್ಕೋರೆ?” ಎಂದೆ. “ಮಾಡೂದೇನೈತಿ? ನಾ ಐತವಾರ ಲಗೂನ ಬರತೀನಿ” ಎಂದು ಹೊರಟುಹೋದರು.

ಭಾನುವಾರ ನಾನು ಹೋದಾಗ ಚರ್ಚಿನ ಗೇಟಿನಲ್ಲಿ ಕಬ್ಬಿಣದ ಕುರ್ಚಿಯೊಂದನ್ನು ಅಡ್ಡ ಹಾಕಿ ಅಕ್ಕೋರು ಕುಳಿತಿದ್ದರು. ಮೂಗು ಬಾಯಿಗೆ ಸೆರಗನ್ನು ಬಿಗಿದುಕೊಂಡಿದ್ದರು. ಆ ಅಡ್ಡಬಟ್ಟೆಯಿಂದಲೂ ದನಿ ಒಂದಿಷ್ಟೂ ತಗ್ಗಿರಲಿಲ್ಲ. ನಮಗಿಂತ ಮೊದಲು ಅಲ್ಲಿ ಆರಾಧನೆ ಮಾಡುವ ಮರಾಠಿ ಸಭೆಯವರು ಆ ವಾರ ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರು. ಹಾಗಾಗಿ ಗೇಟು ಪೂರ್ತಿ ಅಕ್ಕೋರದೇ.

ಸ್ಟೇಷನ್ನಿನಿಂದ ಜನ ಬರತೊಡಗಿದರು, ಹಬ್ಬದ ಬಟ್ಟೆಯಲ್ಲಿ, ಮಕ್ಕಳನ್ನು ಎತ್ತಿಕೊಂಡು. ಅಕ್ಕೋರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ದೂರವೇ ನಿಲ್ಲಿಸಿದರು. ಮನೆಗೆಲಸಕ್ಕೆ ಹೋಗುವ ಒಬ್ಬಳಿಗೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: “ನಿನ್ನ ಖೋಲ್ಯಾಗ ಅತ್ತಿ ಮಾವ, ಗಂಡ, ಮಕ್ಕಳು ಎಲ್ಲಾರೂ ಒಂದ ಚಾಪಿ ಮ್ಯಾಲ ಮಲಗತೀರಿ. ಇಲ್ಲಿಂದ ನೀ ಒಬ್ಬಾಕಿ ರೋಗಾ ಹೊತ್ತೊಯ್ದರ ಸಾಕು, ಯಾರನ್ನ ಎಲ್ಲಿ ದೂರ ಇಡ್ತಿ? ಸಂಡಾಸಿಗೆ ಇಡೀ ಚಾಳಿನವರ ಜೋಡಿ ಲೈನ್ ಹಚ್ಚತಿ. ಮನಿಗಿ ಹೋಗವ್ವಾ. ಪ್ರಾರ್ಥನಾ ಅಲ್ಲೇ ಮಾಡು. ದೇವರು ದಾದರಕ್ಕ ಇಳದ ಧಾರಾವಿಗೆ ಬರೂದಿಲ್ಲಂತ ಏನಿಲ್ಲ.”

ಕೆಲವರು ಹೋದರು. ಕೆಲವರು ರಸ್ತೆಯಾಚೆ ನಿಂತು ಗುಸುಗುಸು ಮಾಡಿದರು. ಅಷ್ಟರಲ್ಲಿ ಗುತ್ತಿಗೆದಾರರ ಕಾರು ಬಂತು.

“ಅಕ್ಕೋರ, ಕುರ್ಚಿ ಸರಸ್ರಿ.”

“ಸರಸೂದಿಲ್ಲ.”

“ಕಮಿಟಿ ತೀರ್ಮಾನ ಆಗೇತಿ. ಪೊಲೀಸರಿಗೆ ಫೋನ್ ಮಾಡ್ಲೇನು?”

“ಮಾಡ್ರಿ. ಅವರರ ಬಂದು ಈ ಗದ್ದಲಾ ಚದರಸ್ಲಿ. ನನಗೂ ಗಂಟಲಾ ನೋಯಾಕತ್ತೇತಿ.”

ಗುತ್ತಿಗೆದಾರರು ಒಳಗಿದ್ದ ಸಭಾಪಾಲಕರನ್ನು ಕೂಗಿ ಕರೆದರು. ನಿಲುವಂಗಿ ತೊಟ್ಟ ಆ ಹುಡುಗ ಮೆಟ್ಟಿಲಿಳಿದು ಬಂದು ಇಬ್ಬರನ್ನೂ ನೋಡಿದರು. ತಿರುಗಿ ಒಳಗೆ ಹೋದರು. ಮುಗಿಯಿತು, ಹೆದರಿದರು ಎಂದುಕೊಂಡೆ. ಅವರು ಮತ್ತೆ ಬಂದಾಗ ಕೈಯಲ್ಲೊಂದು ಕುರ್ಚಿ ಇತ್ತು. ಅದನ್ನು ಅಕ್ಕೋರ ಕುರ್ಚಿಯಿಂದ ತುಸು ದೂರಕ್ಕೆ, ಗೇಟಿನ ಉಳಿದರ್ಧಕ್ಕೆ ಅಡ್ಡವಾಗಿ ಇಟ್ಟು ಕುಳಿತರು. ಅವತ್ತು ನಮ್ಮ ಚರ್ಚಿನಲ್ಲಿ ಆರಾಧನೆ ನಡೆಯಲಿಲ್ಲ. ಕೆಲವೇ ದಿನಗಳಲ್ಲಿ ಇಡೀ ಮುಂಬೈ ಬಾಗಿಲು ಹಾಕಿಕೊಂಡಿತು.

ಬಾಗಿಲು ಮುಚ್ಚಿಸಿದವರು ತಾವೇ ಅದನ್ನು ತೆರೆಸಲು ಹೊರಡುತ್ತಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಧಾರಾವಿಯ ಖೋಲಿಗಳಲ್ಲಿ ಕಾಲು ಚಾಚಲು ಜಾಗವಿಲ್ಲದೆ ಮನೆಮಂದಿಯೆಲ್ಲ ಒತ್ತಿಕೊಂಡಿದ್ದರು. ವಯಸ್ಸಾದವರಿಗೇ ಅಪಾಯ ಹೆಚ್ಚು ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಅಕ್ಕೋರು ನನಗೆ ಫೋನ್ ಮಾಡಿ, “ತಂಗಿ, ನಮ್ಮ ಚರ್ಚು ಖಾಲಿ ಬಿದ್ದೈತಿ. ಅಷ್ಟ ದೊಡ್ಡ ಖೋಲಿ ಧಾರಾವ್ಯಾಗ ಯಾರಿಗೈತಿ? ಇನ್ನೂ ರೋಗ ಹತ್ತದ ಮುದುಕರನ್ನ ಅಲ್ಲಿ ತಂದು ಇಡೂಣು” ಎಂದರು. ಸಭಾಪಾಲಕರು ಒಪ್ಪಿದರು. ಮರಾಠಿ ಸಭೆಯವರೂ ಒಪ್ಪಿದರು. ಅಧಿಕಾರಿಗಳ ಅನುಮತಿಗೆ ನಾನು ಓಡಾಡಿದೆ. ಅವರು ಕಳಿಸಿದ ವೈದ್ಯರು ಎಲ್ಲರನ್ನೂ ಪರೀಕ್ಷೆ ಮಾಡಿದರು. ಗುತ್ತಿಗೆದಾರರು ಮಾತ್ರ ಫೋನಿನಲ್ಲಿ, “ಆರಾಧನಾಕ್ಕ ಮುಚ್ಚಿದ ಬಾಗಲಾ ಮಲಗಾಕ ತಗೀತೀರಿ ಹೌದಲ್ರಿ?” ಎಂದು ಕುಟುಕಿದರು. “ಹೌದ್ರಿ. ಪೀಠದ ಮುಂದ ಮುದುಕಿ ಮಲಗಿದ್ರ ದೇವರಿಗೇನ ಅಡಚಣಿ ಇಲ್ಲ” ಎಂದರು ಅಕ್ಕೋರು.

ಬೆಂಚುಗಳನ್ನು ಎರಡೆರಡು ಜೋಡಿಸಿ ಮಂಚ ಮಾಡಿದೆವು. ಎಲ್ಲ ಕಿಟಕಿಗಳನ್ನೂ ತೆರೆದಿಟ್ಟೆವು. ಅಕ್ಕೋರೂ ತಮ್ಮ ಹಾಸಿಗೆ ತಂದು ಅಲ್ಲೇ ಉಳಿದರು. ಒಳಗೆ ಹಾಡುವಂತಿರಲಿಲ್ಲ. ಹಾಡಿನಿಂದಲೇ ಉಸಿರು ದೂರ ಹಾರುತ್ತದೆ ಎಂದು ವೈದ್ಯರು ಹೇಳಿದ್ದರಂತೆ. ಹಾಡದೆ ದಿನ ಹೇಗೆ ಕಳೆಯಲಿ ಎಂದು ಕಣ್ಣು ತುಂಬಿಕೊಂಡ ಅಜ್ಜನಿಗೆ, “ಮನಸಿನ್ಯಾಗ ಹಾಡ ಕಾಕಾ, ದೇವರಿಗೆ ಕಿವಿ ಚೊಲೋ ಅದಾವ” ಎಂದರು. ಮುಂಬೈಯ ಇಡೀ ಗದ್ದಲವನ್ನು ಮೀರಿ ಕೂಗುತ್ತಿದ್ದವರ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಪಕ್ಕದ ಬಿಲ್ಡಿಂಗಿನವರು ಗುಂಪಾಗಿ ಗೇಟಿಗೆ ಬಂದರು. ಧಾರಾವಿಯಿಂದ ರೋಗಿಗಳನ್ನು ತಂದು ತುಂಬಿದ್ದಾರೆ ಎಂಬ ಸುದ್ದಿ ಯಾರೋ ಹಬ್ಬಿಸಿದ್ದರು. ನನ್ನ ಮನೆ ಹತ್ತಿರವಿದ್ದುದರಿಂದ ಗಲಾಟೆ ಕೇಳಿ ಓಡಿಹೋದೆ. ಗಂಡಸರು ಗೇಟು ಅಲ್ಲಾಡಿಸುತ್ತಿದ್ದರು. ಅಕ್ಕೋರು ಒಳಬದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಇಲ್ಲಿ ರೋಗಿಗಳಿಲ್ಲ, ಪರೀಕ್ಷೆಯಾಗಿದೆ ಎಂದು ಮರಾಠಿಯಲ್ಲಿ ಹೇಳಿದರು. ಯಾರೂ ಕೇಳಲಿಲ್ಲ. ಮುಂದಿದ್ದವನೊಬ್ಬ, ಇವರನ್ನು ಈಗಲೇ ಹೊರಗೆ ಹಾಕದಿದ್ದರೆ ನಾವೇ ಬಂದು ಹಾಕುತ್ತೇವೆ ಎಂದ.

“ಬಾ,” ಎಂದರು ಅಕ್ಕೋರು. ಗೇಟಿನ ಚಿಲಕವನ್ನು ತಾವೇ ತೆಗೆದರು. “ಒಳಗ ಬಂದು ಒಬ್ಬೊಬ್ಬರನ ಕೈ ಹಿಡದು ಹೊರಗ ಹಾಕು. ಮೊದಲ ನನ್ನ ಹಿಡಿ.” ಆವೇಶದಲ್ಲಿ ಮರಾಠಿ ಬಿಟ್ಟು ಗದಗಿನ ಕನ್ನಡವೇ ಬಂದುಬಿಟ್ಟಿತ್ತು. ಆದರೂ ಅವನಿಗೆ ಅರ್ಥವಾಯಿತು. ತಾನೇ ಮುಟ್ಟಬೇಕು ಎಂದಾದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಆಗ ಚರ್ಚಿನ ಕಿಟಕಿಯಿಂದ ಒಬ್ಬ ಮುದುಕಿ ಗುಂಪಿನಲ್ಲಿದ್ದ ಹೆಂಗಸೊಬ್ಬಳನ್ನು ಕೂಗಿದಳು: “ವಹಿನಿ, ಸೋನು ಕಸಾ ಆಹೆ?” ಅತ್ತಿಗೆಮ್ಮಾ, ಸೋನು ಹೇಗಿದ್ದಾನೆ ಎಂದು. ಆ ಮುದುಕಿ ಅವರ ಮನೆಯಲ್ಲಿ ಪಾತ್ರೆ ತೊಳೆದು, ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಆ ಹೆಂಗಸು ತಲೆ ತಗ್ಗಿಸಿ, ಚೆನ್ನಾಗಿದ್ದಾನೆ ಎಂದಳು. ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಉಳಿದವರೂ ಗೊಣಗುತ್ತ ಕರಗಿದರು. ಅವರು ಹೋದ ಮೇಲೆ ಅಕ್ಕೋರು ಮೆಟ್ಟಿಲ ಮೇಲೆ ಕುಸಿದು ಕುಳಿತರು. “ಅಂಜಿದ್ರಾ ಅಕ್ಕೋರೆ?” ಎಂದು ಕೇಳಿದೆ. “ಮತ್ತ? ಅಂಜಿಕಿ ಇಲ್ಲದಾಕಿ ಹುಚ್ಚಿ ಇರತಾಳ” ಎಂದು ನೀರು ಕೇಳಿ ಕುಡಿದರು. ಹಾಗೆ ಇಟ್ಟುಕೊಂಡ ಮುದುಕರಲ್ಲಿ ಒಬ್ಬರಿಗೂ ಆ ವರ್ಷ ರೋಗ ಹತ್ತಲಿಲ್ಲ.

ಮರುವರ್ಷ ಎಲ್ಲ ಸಡಿಲವಾದಂತೆ ಕಂಡಿತು. ಚರ್ಚು ಸ್ವಲ್ಪ ಸ್ವಲ್ಪವಾಗಿ ತೆರೆಯಿತು, ಅಂತರ ಬಿಟ್ಟು, ಹಾಡಿಲ್ಲದೆ. ಗುತ್ತಿಗೆದಾರರಿಗೆ ಅದು ಸಾಲಲಿಲ್ಲ. ತಮ್ಮ ಹೊಸ ಫ್ಲ್ಯಾಟಿನಲ್ಲಿ ದೊಡ್ಡ ಪ್ರಾರ್ಥನಾಕೂಟ ಇಟ್ಟುಕೊಂಡರು. ಬಾಯಿತುಂಬ ಹಾಡಬೇಕೆಂದು ನಮ್ಮ ಹಾರ್ಮೋನಿಯಂ ನುಡಿಸುವವರನ್ನೂ ಕರೆದರು. ಅವರು ಧಾರಾವಿಯಲ್ಲಿ ಟೇಲರ್ ಕೆಲಸ ಮಾಡುತ್ತಿದ್ದವರು, ಎಲ್ಲರಿಗೂ ಟೇಲರಣ್ಣ, ಮೃದು ಮನುಷ್ಯ, ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅಕ್ಕೋರು ಗುತ್ತಿಗೆದಾರರ ಮನೆಗೇ ಹೋಗಿ ಬೇಡ ಎಂದರಂತೆ. “ಇದು ನನ್ನ ಮನಿ, ನನ್ನ ಬಾಗಲಾ. ಇಲ್ಲಿ ನಿಮ್ಮ ಕುರ್ಚಿ ನಡಿಯೂದಿಲ್ಲ” ಎಂದು ಅವರು ಕಳಿಸಿಬಿಟ್ಟರಂತೆ. ಕಿಟಕಿ ಮುಚ್ಚಿ, ಎಸಿ ಹಾಕಿ, ಇಡೀ ಮಧ್ಯಾಹ್ನ ಹಾಡಿದರು.

ಅಲ್ಲಿಗೆ ಹೋದ ಬಹಳ ಜನ ಹಾಸಿಗೆ ಹಿಡಿದರು. ಹಾರ್ಮೋನಿಯಂ ನುಡಿಸುವವರು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಅವರ ಹೆಂಡತಿಗೆ ಮುಖ ನೋಡಲೂ ಸಿಗಲಿಲ್ಲ. ಗುತ್ತಿಗೆದಾರರೂ ಆಮ್ಲಜನಕದ ಮೇಲಿದ್ದರು. ಒಂದು ದಿನ ಅವರು ಆಸ್ಪತ್ರೆಯಿಂದ ಅಕ್ಕೋರಿಗೆ ಫೋನ್ ಮಾಡಿದಾಗ ನಾನು ಅಕ್ಕೋರ ಖೋಲಿಯ ಹೊಸ್ತಿಲಲ್ಲಿದ್ದೆ. ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಮಾತು ಕಡಿಮೆ. ಅಕ್ಕೋರು ಕೂಗಿ ಹೇಳಿದ್ದು ಇಡೀ ಚಾಲಿಗೆ ಕೇಳಿಸಿತು: “ಮಾತಾಡಬ್ಯಾಡ್ರಿ. ಉಸರ ಹಿಡಕೊಂಡ ಬದುಕ್ರಿ. ನಿಮಗ ಬೈಯೂದು ರಗಡ ಐತಿ ನನಗ. ನೀವ ಸತ್ರ ಯಾರಿಗೆ ಬೈಲಿ?” ಫೋನಿಟ್ಟು ಗೋಡೆ ಕಡೆ ಮುಖ ಮಾಡಿ ಕುಳಿತರು. ಅಕ್ಕೋರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಟೇಲರಣ್ಣ ಅವರ ಶಾಲೆಯಲ್ಲೇ ಕಲಿತ ಹುಡುಗ.

ಗುತ್ತಿಗೆದಾರರು ಬದುಕಿದರು. ಎರಡನೇ ಅಲೆ ಇಳಿದು, ಚರ್ಚು ಪೂರ್ತಿ ತೆರೆದ ಭಾನುವಾರ ಅವರು ಗೇಟಿಗೆ ಬಂದರು. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು. ಕಾರಿನಲ್ಲಿ ಬಂದಿರಲಿಲ್ಲ. ಅವರದೇ ಸೈಟಿನಲ್ಲಿ ಕೆಲಸ ಮಾಡಿದ ಗಂಡಸರು ಗೇಟಿಗೆ ಅಡ್ಡ ನಿಂತರು. “ಟೇಲರಣ್ಣನ ಹೆಂಡ್ತಿ ಒಳಗ ಕುಂತಾಳ. ಯಾವ ಮುಖಾ ಇಟಗೊಂಡ ಬಂದೀರಿ? ಹೋಗ್ರಿ,” ಎಂದ ಒಬ್ಬ. ಅವರು ಎದುರಾಡದೆ ತಿರುಗಿದರು.

ಅಕ್ಕೋರು ಒಳಗಿನಿಂದ ಬಂದರು. ಗಂಡಸರನ್ನು ಸರಿಸಿ, ಗುತ್ತಿಗೆದಾರರ ಮುಂಗೈ ಹಿಡಿದುಕೊಂಡರು. “ನಾ ಇಲ್ಲಿ ರೋಗಕ್ಕ ಅಡ್ಡ ಕುಂತಿದ್ದೆ. ಮನಶಾಗ ಅಡ್ಡ ಕುಂದ್ರಾಕ ನಿಮಗ್ಯಾರ ಹೇಳಿದ್ರು?”

“ಅಕ್ಕೋರ, ಇವರಿಂದ ಒಬ್ಬ ಸತ್ತಾನ,” ಎಂದ ಅವನು.

“ಹೌದು, ಸತ್ತಾನ. ಅದನ್ನ ಇವರು ಹೊರಗ ನಿಂತು ಮರೀಬಾರದು. ಒಳಗ ಕುಂತು, ಆಕೀ ಮುಖಾ ನೋಡಿ ನೆನಪ ಇಟಗೋಬೇಕು.”

ಅವರನ್ನು ಕರೆದೊಯ್ದು ತಮ್ಮ ಬೆಂಚಿನಲ್ಲೇ ಕೂರಿಸಿಕೊಂಡರು. ಸಭೆಯೆಲ್ಲ ಟೇಲರಣ್ಣನ ಹೆಂಡತಿಯ ಕಡೆ ನೋಡುತ್ತಿತ್ತು. ಅವಳು ಎದ್ದು ಹೋಗಲಿಲ್ಲ, ತಿರುಗಿಯೂ ನೋಡಲಿಲ್ಲ. ಆರಾಧನೆ ಮುಗಿದ ಮೇಲೆ ಯಾರೋ ದೊಡ್ಡವರು ಅವಳ ಹತ್ತಿರ ಕ್ಷಮೆಯ ಮಾತು ತೆಗೆದರು. ಅಕ್ಕೋರು ಅಲ್ಲಿಗೇ ತಡೆದರು. “ಆಕಿಗೆ ಯಾರೂ ಏನೂ ಹೇಳಬ್ಯಾಡ್ರಿ. ಮಾಡಿದ್ರ ಮಾಡ್ತಾಳ, ಇಲ್ಲಂದ್ರ ಇಲ್ಲ.” ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುತ್ತಿಗೆದಾರರು ಮಾತ್ರ ಪ್ರತಿ ಭಾನುವಾರ ಬಂದು ಅದೇ ಬೆಂಚಿನಲ್ಲಿ ಕೂರುತ್ತಾರೆ, ಬಾಯಿ ತೆರೆದು ಹಾಡುವುದಿಲ್ಲ.

ಕಳೆದ ತಿಂಗಳು ಅಕ್ಕೋರು ತೀರಿಕೊಂಡರು. ಕೊರೋನಾದಿಂದಲ್ಲ. ಬೆಳಿಗ್ಗೆ ನೀರು ತುಂಬಿಸುವಾಗ ನಳದ ಬಳಿ ಪಕ್ಕದವರ ಜೊತೆ ಜಗಳವಾಡುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರಂತೆ, ಅಷ್ಟೆ. ಮಣ್ಣು ಮಾಡುವ ದಿನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮಂಚದಲ್ಲಿ ಮಲಗಿದ್ದ ಮುದುಕರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ, ಎಲ್ಲರೂ ಬಂದಿದ್ದರು. ಲಾರಿಯವನ ಹೆಂಡತಿ ಬಂದಿದ್ದಳು. ಒಬ್ಬರ ಹೆಗಲಿಗೆ ಒಬ್ಬರು ತಾಗಿ, ಕಿಟಕಿಯ ಗಾಜು ಅದುರುವ ಹಾಗೆ ಹಾಡಿದೆವು.

ಸಮಾಧಿಯ ತೋಟದಲ್ಲಿ ಗುಂಡಿಯ ಸುತ್ತ ನೂಕುನುಗ್ಗಲಾಯಿತು. ಅಲ್ಲಿನ ಕೆಲಸದವನಿಗೆ ನಮ್ಮ ಸಭೆ ಗೊತ್ತಿಲ್ಲ, ಅಕ್ಕೋರೂ ಗೊತ್ತಿಲ್ಲ. ಮಣ್ಣು ಹಾಕುವ ಹೊತ್ತಿಗೆ ಅವನು ಕೈ ಎತ್ತಿ, “ಫಕ್ತ ಘರಚೇ ಲೋಕ ಪುಢೇ ಯಾ” ಎಂದು ಕೂಗಿದ. ಮನೆಯವರಷ್ಟೇ ಮುಂದೆ ಬನ್ನಿ ಎಂದು. ಇಡೀ ಗುಂಪು ಮುಂದೆ ಬಂತು. ನಮಗೆ ಮರಾಠಿ ತಿಳಿಯಲಿಲ್ಲ ಎಂದುಕೊಂಡು ಅವನು ಅದನ್ನೇ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದ. ಆಗಲೂ ಯಾರೂ ಹಿಂದೆ ಸರಿಯಲಿಲ್ಲ.